ಹುಚ್ಚು ರೈಲಿನ ಅತ್ತೆ ಸೊಸೆ

ಅವಳ ಕೆಲಸ ಹಲ್ಲು ಮಾಡುವುದು. ಹಲ್ಲಿನ ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆಗೂ ಮೆಟ್ಟಿಲಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಪುಟ್ಟ ಕೋಣೆಯೊಂದರಲ್ಲಿ ಅವಳ ಮೇಜು. ಡಾಕ್ಟರಮ್ಮ ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಮೇಣದಲ್ಲಿ ವಸಡು ತಿದ್ದಿ, ಅದರ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಳು. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಆ ಬೀದಿಯ ಮುಕ್ಕಾಲುಪಾಲು ಮುದುಕರ ನಗು ಅವಳ ಕೈಯಿಂದಲೇ ಬಂದದ್ದಾದ್ದರಿಂದ ಹೆಸರಿಗೆ ಯಾರೂ ತಕರಾರು ತೆಗೆಯಲಿಲ್ಲ, ಅವಳೂ ಸೇರಿ.

ಹಲ್ಲಕ್ಕನಷ್ಟು ಪುಕ್ಕಲಿ ಆ ಬೀದಿಯಲ್ಲೇ ಇರಲಿಲ್ಲ. ಅಟ್ಟದ ಮೇಲಿನ ಡಬ್ಬಿ ಬೇಕಾದರೆ ಸ್ಟೂಲು ಹತ್ತುತ್ತಿರಲಿಲ್ಲ, ಗಂಡ ಬರುವ ತನಕ ಡಬ್ಬಿಯಿಲ್ಲದೆ ಕಳೆಯುತ್ತಿದ್ದಳು. ಲಿಫ್ಟಿನಲ್ಲಿ ಕಾಲಿಡುತ್ತಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಬೆನ್ನು ಗೋಡೆಗೆ ಅಂಟಿಸಿ, ಕೈ ಮಾತ್ರ ಮುಂದೆ ಚಾಚುತ್ತಿದ್ದಳು. ಅಂಥವಳು ನಲವತ್ತು ದಾಟಿದ ಮೇಲೆ ರೋಲರ್ ಕೋಸ್ಟರಿನ ಹುಚ್ಚು ಹತ್ತಿಸಿಕೊಂಡಳು ಎಂದರೆ ಕೇಳಿದವರು ಮೂಗಿನ ಮೇಲೆ ಬೆರಳಿಡುವುದು ಸಹಜವೇ. ಆದದ್ದು ಹೀಗೆ.

ಒಂದು ರಜೆಯ ದಿನ ಡಾಕ್ಟರಮ್ಮ ಆಸ್ಪತ್ರೆಯವರನ್ನೆಲ್ಲ ಒಂದು ದೊಡ್ಡ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋದರು. ನಾನು ಎಲ್ಲರ ಚೀಲ ಕಾಯುತ್ತೇನೆ, ನೀವು ಆಡಿಕೊಂಡು ಬನ್ನಿ ಎಂದು ಹಲ್ಲಕ್ಕ ಬಂದ ಕೂಡಲೇ ನೆರಳು ನೋಡಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಶೌಚಾಲಯಕ್ಕೆ ಹೋಗಬೇಕೆನಿಸಿತು. ಚೀಲಗಳನ್ನು ಒಬ್ಬಳು ನರ್ಸಿಗೆ ಒಪ್ಪಿಸಿ ಹೊರಟು, ಮುಂದೆ ಹೆಂಗಸರು ನಿಂತಿದ್ದ ಒಂದು ಸಾಲು ಕಂಡು ಅದರ ತುದಿಗೆ ಸೇರಿಕೊಂಡಳು. ಎರಡೂ ಕಡೆ ಕಬ್ಬಿಣದ ಕಂಬಿ. ಸಾಲು ಆ ಕಡೆ ಹೋಗಿ ಈ ಕಡೆ ತಿರುಗಿ ಒಂದು ತಗಡಿನ ಮಾಡಿನೊಳಕ್ಕೆ ನುಗ್ಗುತ್ತಿತ್ತು. ಇಷ್ಟು ದೊಡ್ಡ ಪಾರ್ಕಿನಲ್ಲಿ ಶೌಚಾಲಯ ಒಂದೇ ಇರಬೇಕು ಎಂದುಕೊಂಡಳು. ಮಾಡಿನೊಳಗೆ ಬಂದು ರೈಲಿನ ಡಬ್ಬಿಗಳನ್ನು ಕಂಡಾಗಲೇ ಅದು ಶೌಚಾಲಯದ ಸಾಲಲ್ಲ ಎಂದು ಗೊತ್ತಾದದ್ದು.

ಹಿಂದೆ ತಿರುಗಿ ನೋಡಿದರೆ ಜನವೋ ಜನ. ವಾಪಸು ಹೋಗಬೇಕೆಂದರೆ ಆ ಇಕ್ಕಟ್ಟಿನಲ್ಲಿ ಒಬ್ಬೊಬ್ಬರಿಗೂ ಸ್ವಲ್ಪ ಜಾಗ ಬಿಡಿ, ಸ್ವಲ್ಪ ಜಾಗ ಬಿಡಿ ಎಂದು ಕೇಳಿಕೊಂಡು ಹೋಗಬೇಕು. ಎತ್ತರದ ಭಯ ಒಂದು ಕಡೆ, ಜನ ಏನಂದುಕೊಂಡಾರು ಎನ್ನುವ ಭಯ ಇನ್ನೊಂದು ಕಡೆ. ಹಲ್ಲಕ್ಕನಂಥವರಿಗೆ ಎರಡನೆಯದೇ ದೊಡ್ಡದು. ಅವಳು ಬಾಯಿ ಮುಚ್ಚಿಕೊಂಡು, ತೋರಿಸಿದ ಜಾಗದಲ್ಲಿ ಕೂತಳು. ತೋರಿಸಿದ್ದು ಎಲ್ಲಕ್ಕಿಂತ ಮುಂದಿನ ಸೀಟು.

ತೊಡೆಯ ಮೇಲೆ ಕಂಬಿ ಬಂದು ಕೂತಿತು. ರೈಲು ಟಕ ಟಕ ಎನ್ನುತ್ತ ಏರತೊಡಗಿತು. ಕಣ್ಣು ಮುಚ್ಚೋಣವೆಂದರೆ ರೆಪ್ಪೆಗೂ ಬುದ್ಧಿ ಕೆಟ್ಟಿತ್ತು, ಮುಚ್ಚಿಕೊಳ್ಳಲೊಲ್ಲದು. ತುದಿಗೆ ಬಂದಾಗ ಮುಂದೆ ಹಳಿಯೇ ಕಾಣಲಿಲ್ಲ, ಆಕಾಶ ಮಾತ್ರ. ಆಮೇಲೆ ಹೊಟ್ಟೆ ಮೇಲೆಯೇ ಉಳಿದು ಮೈ ಮಾತ್ರ ಕೆಳಗೆ ಬಿತ್ತು. ಜೀವ ಬಾಯಿಗೆ ಬಂತು. ಬಂದ ಜೀವ ಕಿರಿಚಿತು. ಕಿರಿಚು ಅರ್ಧ ದಾರಿಯಲ್ಲಿ ನಗುವಾಗಿ ಹೊರಳಿಕೊಂಡಿತು. ಬಾಲ್ಕನಿಯಲ್ಲಿ, ಲಿಫ್ಟಿನ ಬಾಗಿಲಲ್ಲಿ, ಸ್ಟೂಲಿನ ಪಕ್ಕದಲ್ಲಿ ಅವಳನ್ನು ಹಿಡಿದು ನಿಲ್ಲಿಸುತ್ತಿದ್ದ ಆ ಭಯಕ್ಕೆ ಇಷ್ಟು ಜೋರಾಗಿ ಓಡಲು ಬಾರದು ಎನ್ನುವುದು ಅವಳಿಗೆ ಅಲ್ಲಿ ಮೊದಲ ಸಲ ತಿಳಿಯಿತು. ಅದು ಹಿಂದೆಲ್ಲೋ ತಿರುವಿನಲ್ಲಿ ಬಿದ್ದುಹೋಗಿತ್ತು.

ಇಳಿದವಳು ಸೀದಾ ಹೋಗಿ ಮತ್ತೆ ಅದೇ ಸಾಲಿನಲ್ಲಿ ನಿಂತಳು. ಬಂದ ಕೆಲಸ ಮರೆತೇ ಹೋಗಿತ್ತು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ರಜೆ ಸಿಕ್ಕರೆ ಸಾಕು, ಬಸ್ಸೋ ರೈಲೋ ಹಿಡಿದು ಯಾವುದೋ ಊರಿನ ಪಾರ್ಕಿಗೆ ಹೊರಡುವಳು. ಜೊತೆಗೆ ಗಂಡ. ಅವನು ಚೀಲ, ಸೂಟ್‌ಕೇಸು ರಿಪೇರಿ ಮಾಡುವವನು. ಕುರ್ಚಿಯ ಮೇಲೆ ನಿಂತು ಬಲ್ಬು ಬದಲಿಸಿದರೆ ಅವನಿಗೆ ತಲೆ ತಿರುಗದು, ಆದರೆ ಹೆಂಡತಿ ತಲೆಕೆಳಗಾಗುವುದನ್ನು ನೋಡಿದರೆ ಕೂತಲ್ಲೇ ತಿರುಗುತ್ತಿತ್ತು. ಆದ್ದರಿಂದ ರೈಲಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತು ಅವಳ ಚೀಲ ಕಾಯುತ್ತಿದ್ದ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಪಕ್ಕದಲ್ಲಿ ಕೂತವರ ಚೀಲದ ಜಿಪ್ಪು ಕೆಟ್ಟಿದ್ದು ಕಂಡರೆ ಕೈ ಕಡಿಯುತ್ತಿತ್ತು. ಜೇಬಿನಿಂದ ಇಕ್ಕಳ ತೆಗೆದು, ಕೊಡಿ ಇಲ್ಲಿ ಎಂದು ಸರಿಮಾಡಿಕೊಡುವನು. ಒಮ್ಮೆ ಹಲ್ಲಕ್ಕ ಇಳಿದು ಬರುವಾಗ ಅವನ ಬೆಂಚಿನ ಮುಂದೆಯೂ ಒಂದು ಸಾಲು ನಿಂತಿತ್ತು.

ಅವಳು ಸುಮ್ಮನೆ ಹತ್ತಿ ಇಳಿಯುವವಳಾಗಿ ಉಳಿಯಲಿಲ್ಲ, ಅಂಕ ಕೊಡುವವಳಾದಳು. ರೋಲರ್ ಕೋಸ್ಟರ್ ಹುಚ್ಚಿನವರದೇ ಒಂದು ಗುಂಪು ಫೋನಿನಲ್ಲಿತ್ತು. ಅದಕ್ಕೆ ಪ್ರತಿ ಸವಾರಿಯ ನಂತರ ತನ್ನ ದನಿಯಲ್ಲೇ ವರದಿ ಕಳಿಸುತ್ತಿದ್ದಳು. ಮಿಕ್ಕವರು ವೇಗವೆಷ್ಟು, ಎತ್ತರವೆಷ್ಟು ಎಂದು ಹೇಳಿದರೆ ಇವಳು ಇಳಿದು ಬರುವವರ ಬಾಯಿ ನೋಡುತ್ತಿದ್ದಳು. ಕಸುಬು ಎಲ್ಲಿಗೆ ಹೋಗುತ್ತದೆ? ಮುಂದಿನ ಹಲ್ಲು ಮಾತ್ರ ಕಂಡರೆ ಐದು ಅಂಕ, ದವಡೆ ಹಲ್ಲಿನ ತನಕ ಕಂಡರೆ ಎಂಟು. ಒಂದು ಪಾರ್ಕಿನ ಬಗ್ಗೆ, ಏರುವಾಗ ಮದುವೆ ದಿಬ್ಬಣದ ಗತ್ತು, ಇಳಿಯುವಾಗ ಸಂತೆ ಮುಗಿಸಿ ಬಂದ ಸುಸ್ತು, ನಾಲ್ಕಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸು ಬರ್ತಿಲ್ಲ ಎಂದಳು. ಇನ್ನೊಂದರ ಬಗ್ಗೆ, ತಿರುವಿನಲ್ಲಿ ಕತ್ತು ಹಿಡಿದು ಅಲ್ಲಾಡಿಸಿದ ಹಾಗಾಯ್ತು, ನನ್ನ ಹತ್ತಿರ ಹಲ್ಲು ಕಟ್ಟಿಸಿಕೊಂಡವರು ದಯವಿಟ್ಟು ಅತ್ತ ತಲೆ ಹಾಕಬೇಡಿ ಎಂದಳು. ಜನ ಅದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಇನ್ನೊಬ್ಬರಿಗೆ ಕಳಿಸಿದರು. ಹತ್ತಕ್ಕೆ ಹತ್ತು ಮಾತ್ರ ಅವಳು ಯಾವುದಕ್ಕೂ ಕೊಡಲಿಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ, ಹತ್ತು ಕೊಟ್ಟ ಮೇಲೆ ಇನ್ನೇನು ಹತ್ತೋದು ಎಂದು ಮರುಪ್ರಶ್ನೆ ಹಾಕಿದಳು.

ಮನೆಯಲ್ಲಿ ಅತ್ತೆಯಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಗ್ರಂಥಾಲಯದ ಓದುವ ಕೋಣೆಯಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕೂತಿದ್ದವರು. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಬೇರೆಯವರ ಪಾಲಿನದು. ಇವರ ಕೆಲಸ ಸದ್ದು ಅಡಗಿಸುವುದು. ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದರೆ ಕೆಮ್ಮು ಬಂದವನೂ ಅದನ್ನು ನುಂಗಿಕೊಳ್ಳುತ್ತಿದ್ದ. ನಿವೃತ್ತಿಯಾದ ಮೇಲೆ ಆ ‘ಶ್’ ಅವರ ಜೊತೆಗೇ ಮನೆಗೆ ಬಂತು. ಕುಕ್ಕರು ಕೂಗಿದರೂ ಅದರತ್ತ ಒಮ್ಮೆ ಗದರುವಂತೆ ನೋಡುವರು. ಸೊಸೆಯ ಹವ್ಯಾಸಕ್ಕೆ ಹುಚ್ಚು ರೈಲು ಎಂದು ಹೆಸರಿಟ್ಟವರೂ ಅವರೇ. ಮೈಮೇಲೆ ಪ್ರಜ್ಞೆಯಿರುವವರು ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಅರಚುತ್ತಾರೆಯೇ ಎನ್ನುವುದು ಅವರ ಆಕ್ಷೇಪಣೆ. ಬೀಳುವುದರ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ, ಅರಚುವುದರ ಬಗ್ಗೆಯಷ್ಟೇ.

ಹೀಗಿರಲು ಒಂದು ಸಂಜೆ ಹಲ್ಲಕ್ಕ ಕೋಣೆಯಲ್ಲಿ ಕೂತು ವರದಿ ಹೇಳುತ್ತಿದ್ದಾಗ ಬಾಗಿಲ ಆಚೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ತೆರೆದು ನೋಡಿದರೆ ಅತ್ತೆ, ಒಗೆದ ಟವೆಲ್ಲನ್ನು ಮಡಚುವ ನೆಪದಲ್ಲಿ ನಿಂತಿದ್ದಾರೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಾರೆ.

“ಮುಂದಿನ ಸಲ ಎಲ್ಲಿಗೆ ಹೋಗ್ತೀರಿ?” ಎಂದರು, ಟವೆಲ್ಲಿನ ಮೇಲೆ ಕಣ್ಣಿಟ್ಟುಕೊಂಡೇ.

ಹಲ್ಲಕ್ಕ ಊರಿನ ಹೆಸರು ಹೇಳಿದಳು.

“ನಾನೂ ಬರ್ತೀನಿ. ನೋಡೋಕಲ್ಲ. ಹತ್ತೋಕೆ.”

ಮಗ, ಹಲ್ಲಕ್ಕನ ಗಂಡ, ಊಟದ ತಟ್ಟೆಯ ಮುಂದೆ ಆ ಮಾತು ಕೇಳಿ ತುತ್ತನ್ನು ಕೈಯಲ್ಲೇ ಹಿಡಿದು ಕೂತ. ಈ ವಯಸ್ಸಿಗೆ ಬೇಕೇ, ಎದೆಗಿದೆ ಏನಾದರೂ ಆದರೆ ಎಂದು ರಾಗ ತೆಗೆದ. ಅತ್ತೆ ಮರುದಿನ ತಾವೇ ಹೃದಯದ ಡಾಕ್ಟರ ಬಳಿಗೆ ಹೋಗಿ, ಎಲ್ಲ ಪರೀಕ್ಷೆ ಮಾಡಿಸಿಕೊಂಡು, ಎದೆ ಕುದುರೆಯ ಹಾಗಿದೆ ಎನ್ನಿಸಿಕೊಂಡು ಬಂದರು.

ಪಾರ್ಕಿಗೆ ಹೋದ ದಿನ ಅತ್ತೆ ಬಿಳಿ ಬೂಟು ಹಾಕಿ, ಕೂದಲಿಗೆ ಬಿಗಿಯಾಗಿ ಕ್ಲಿಪ್ಪು ಸಿಕ್ಕಿಸಿ, ಪರೀಕ್ಷೆಗೆ ಹೊರಟ ಹುಡುಗಿಯಂತೆ ತಯಾರಾಗಿದ್ದರು. ಸಾಲಿನ ಮೊದಲಲ್ಲಿ ಒಂದು ಜಿರಾಫೆಯ ಚಿತ್ರದ ಹಲಗೆ. ಜಿರಾಫೆಯ ಮೂಗಿನ ಮಟ್ಟಕ್ಕೆ ಒಂದು ಕೆಂಪು ಗೆರೆ. ಅದಕ್ಕಿಂತ ಗಿಡ್ಡ ಇರುವವರಿಗೆ ಪ್ರವೇಶವಿಲ್ಲ. ಅದು ಮಕ್ಕಳಿಗಾಗಿ ಇಟ್ಟದ್ದು. ಅಲ್ಲಿದ್ದ ಕೆಲಸದ ಹುಡುಗಿ ಅತ್ತೆಯನ್ನು ನೋಡಿದಳು, ಗೆರೆಯನ್ನು ನೋಡಿದಳು, ಪಾಪ, ಅವಳ ಮುಖ ಕೆಂಪಾಯಿತು.

“ಅಜ್ಜಿ, ಒಂದ್ನಿಮಿಷ ಇಲ್ಲಿ ನಿಂತ್ಕೊಳ್ತೀರಾ?” ಎಂದಳು.

ಅತ್ತೆ ನಿಂತರು. ಗೆರೆಗೂ ಅವರ ನೆತ್ತಿಗೂ ನಡುವೆ ಒಂದು ಬೆರಳು ಅಡ್ಡ ಹಿಡಿಯುವಷ್ಟು ಜಾಗವಿತ್ತು. ಅತ್ತೆ ಮೆಲ್ಲಗೆ ಹಿಮ್ಮಡಿ ಎತ್ತಿದರು. ಹುಡುಗಿ ಅವರ ಪಾದ ನೋಡಿದಳು. ಅತ್ತೆ ಹಿಮ್ಮಡಿ ಇಳಿಸಿದರು.

“ಕೆಲಸಕ್ಕೆ ಸೇರಿದಾಗ ನಾನು ಈ ಗೆರೆಗಿಂತ ಎತ್ತರ ಇದ್ದೆ,” ಎಂದರು.

ಹುಡುಗಿ ಕೈ ಜೋಡಿಸಿ, ನಿಯಮ ಇದು ಅಜ್ಜಿ, ನಿಮ್ಮ ಒಳ್ಳೇದಕ್ಕೇ, ಕಂಬಿ ಸರಿಯಾಗಿ ಕೂರಲ್ಲ ಎಂದು ಬೇಡಿಕೊಂಡಂತೆ ಹೇಳಿದಳು. ಮಗನಿಗೆ ಒಳಗೊಳಗೇ ಸಮಾಧಾನ. ಆದರೆ ಅಮ್ಮನ ಮುಖ ನೋಡಿದ ಮೇಲೆ ಆ ಸಮಾಧಾನವೂ ಕರಗಿತು. ಬಂದ ದಾರಿಗೆ ಸುಂಕವಿಲ್ಲ ಎಂದು ಮೂವರೂ ವಾಪಸಾದರು. ಹಲ್ಲಕ್ಕನೂ ಅವತ್ತು ಹತ್ತಲಿಲ್ಲ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎದುರು ಸೀಟಿನಲ್ಲಿ ಮಗುವೊಂದು ದಾರಿಯುದ್ದಕ್ಕೂ ರಚ್ಚೆ ಹಿಡಿದರೂ ಅವರು ಒಮ್ಮೆಯೂ ‘ಶ್’ ಎನ್ನಲಿಲ್ಲ. ಹಲ್ಲಕ್ಕನಿಗೆ ಕರುಳು ಚುರುಕ್ ಎಂದದ್ದು ಅದಕ್ಕೇ.

ಮಾರನೆಯ ದಿನದಿಂದ ಅವಳು ಊಟದ ಬಿಡುವಿನಲ್ಲಿ ಫೋನು ಹಿಡಿದು ಕೂತಳು. ಇಷ್ಟು ದಿನ ಅವಳು ಮೂಸಿಯೂ ನೋಡದಿದ್ದ ಸಣ್ಣಪುಟ್ಟ ಪಾರ್ಕುಗಳಿಗೆಲ್ಲ ಕರೆ ಮಾಡಿ, ನಿಮ್ಮ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ವಿಚಾರಿಸಿದಳು. ಮಕ್ಕಳೊಂದಿಗೆ ದೊಡ್ಡವರೂ ಕೂರುವಂಥ ಸಣ್ಣ ಕೋಸ್ಟರುಗಳಿಗೆ ಅವಳು ತೊಟ್ಟಿಲು ಎಂದು ಅಡ್ಡಹೆಸರಿಟ್ಟು ನಕ್ಕವಳು. ಈಗ ಅಂಥದೇ ಒಂದು ತೊಟ್ಟಿಲು ಕೆರೆಯ ದಂಡೆಯ ಹಳೆಯ ಪಾರ್ಕಿನಲ್ಲಿ ಸಿಕ್ಕಿತು. ಆ ಕಡೆಯವನು ಎತ್ತರ ಹೇಳಿ, ಮಗುವಿಗೆ ವಯಸ್ಸೆಷ್ಟು ಎಂದು ಕೇಳಿದ. ಎಪ್ಪತ್ತು ದಾಟಿದೆ ಎಂದಳು ಹಲ್ಲಕ್ಕ. ಅವನು ಎತ್ತರವನ್ನು ಇನ್ನೊಮ್ಮೆ ಹೇಳಿ, ಕರ್ಕೊಂಡು ಬನ್ನಿ ಎಂದ.

ಈ ಸಲ ಗೆರೆ ಅತ್ತೆಯ ಕಿವಿಯ ಮಟ್ಟಕ್ಕಿತ್ತು. ಅವರು ಅದರ ಮುಂದೆ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಆಮೇಲೆ ಬಾಯೊಳಗೆ ಕೈ ಹಾಕಿ, ಸೊಸೆಯೇ ಮಾಡಿಕೊಟ್ಟ ಹಲ್ಲು ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮಗನ ಕೈಗಿಟ್ಟರು. ಜೋಪಾನ ಎನ್ನುವಂತೆ ಅವನ ಬೆರಳುಗಳನ್ನು ತಾವೇ ಮಡಚಿದರು. ಅತ್ತೆ ಸೊಸೆ ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ರೈಲು ಏರತೊಡಗಿತು.

ಏರಿನ ತುದಿ ಇನ್ನೇನು ಬಂತು ಎನ್ನುವಾಗ ರೈಲು ಒಂದು ಸಣ್ಣ ಕುಲುಕು ಕೊಟ್ಟು ನಿಂತುಬಿಟ್ಟಿತು.

ಸಣ್ಣ ಕೋಸ್ಟರೇ ಆದರೂ ಮೇಲಿಂದ ನೋಡಿದರೆ ಮರದ ತುದಿಗಳು ಕಾಲ ಕೆಳಗಿದ್ದವು. ಓಡುವ ರೈಲಿನಲ್ಲಿ ಹಲ್ಲಕ್ಕನನ್ನು ಹಿಡಿಯಲಾರದೆ ಸೋತಿದ್ದ ಆ ಹಳೆಯ ಭಯ, ರೈಲು ನಿಂತದ್ದೇ ತಡ, ಮೆಟ್ಟಿಲು ಹತ್ತಿ ಬಂದು ಅವಳ ಭುಜದ ಮೇಲೆ ಕೈಯಿಟ್ಟಿತು. ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ಅಯ್ಯೋ, ಅಯ್ಯೋ ಎಂದು ಸಣ್ಣಗೆ ಗುನುಗತೊಡಗಿದಳು.

“ಶ್,” ಎಂದರು ಅತ್ತೆ. ಗ್ರಂಥಾಲಯದ ‘ಶ್’ ಅಲ್ಲ ಅದು. ತೂಕಡಿಸುವ ಮಗುವಿಗೆ ಹೇಳುವಂಥದು. ಸೊಸೆಯ ಕೈಯನ್ನು ಕಂಬಿಯಿಂದ ಬಿಡಿಸಿ ತಮ್ಮ ಕೈಯಲ್ಲಿ ಇಟ್ಟುಕೊಂಡರು. “ಅಲ್ನೋಡು. ಮೇಲಿಂದ ನೋಡಿದ್ರೆ ಯಾರ ಮನೆ ತಾರಸಿನೂ ಚೊಕ್ಕಟವಾಗಿಲ್ಲ. ನಮ್ಮದೇ ವಾಸಿ.”

ಹಲ್ಲಕ್ಕನಿಗೆ ನಗು ಬರಲಿಲ್ಲ. “ಅತ್ತೆ, ನನಗೆ ಇಳೀಬೇಕು,” ಎಂದಳು.

“ಇಳಿಯೋಣ. ಅದು ಇಳಿಯೋ ಕಡೆಗೇ ಹೋಗೋದು.” ಅತ್ತೆಯ ಬಾಯಲ್ಲಿ ಹಲ್ಲಿಲ್ಲದ ಕಾರಣ ಮಾತು ಅಂಚಿನಲ್ಲಿ ಜಾರುತ್ತಿತ್ತು. ಕೆರೆಯ ಕಡೆ ನೋಡುತ್ತ ಮುಂದುವರಿಸಿದರು. “ನಿನ್ನ ಗಂಡ ಹುಟ್ಟೋವಾಗ ದಾದಿ ಹೇಳಿದ್ಳು, ಕೂಗಮ್ಮ, ಪರವಾಗಿಲ್ಲ, ಎಲ್ಲರೂ ಕೂಗ್ತಾರೆ ಅಂತ. ಪಕ್ಕದ ಮಂಚದವಳಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಅವಳಿಗೆ ಎಚ್ಚರ ಆಗುತ್ತಲ್ಲ ಅಂತ ನಾನು ಸುಮ್ಮನೇ ಇದ್ದೆ ಕಣೇ.”

“ಕೂಗಲೇ ಇಲ್ವಾ?”

“ಇಲ್ಲ. ಆಮೇಲೂ ಇಲ್ಲ. ಎಲ್ಲಿ ಕೂಗೋದು? ಅಲ್ಲಿ ಓದೋರಿದ್ರು, ಇಲ್ಲಿ ಮಲಗೋರಿದ್ರು. ನೀನು ಫೋನಲ್ಲಿ ಹೇಳ್ತಿರ್ತೀಯಲ್ಲ, ಇದರಲ್ಲಿ ಕೂಗದೆ ಇರೋರನ್ನೇ ಜನ ತಿರುಗಿ ನೋಡ್ತಾರೆ ಅಂತ. ಅದನ್ನ ಕೇಳಿದ ದಿನದಿಂದ ಒಂದೇ ಯೋಚನೆ, ಅಲ್ಲಿಗೊಂದ್ಸಲ ಹೋಗ್ಬೇಕು ಅಂತ.”

ಹಲ್ಲಕ್ಕ ಅತ್ತೆಯ ಮುಖ ನೋಡಿದಳು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವರು ದನಿಯೇರಿಸಿ ಒಂದು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅದು ಅವರ ಸ್ವಭಾವ ಎಂದುಕೊಂಡಿದ್ದಳು. ಅದರ ಕೆಳಗೆ ಇಂಥದೊಂದು ಆಸೆ ಅಡಗಿಕೊಂಡಿತ್ತು ಎಂದು ಊಹಿಸಿಯೂ ಇರಲಿಲ್ಲ. ಕಂಬಿಯ ಮೇಲಿದ್ದ ಇನ್ನೊಂದು ಕೈಯನ್ನೂ ಬಿಟ್ಟು ಅತ್ತೆಯ ಕೈಯ ಮೇಲಿಟ್ಟಳು.

ಅಷ್ಟರಲ್ಲಿ ಹಳಿಯ ಪಕ್ಕದ ಮೆಟ್ಟಿಲಿನ ಮೇಲೆ ಮೆಕ್ಯಾನಿಕ್ ಏದುಸಿರು ಬಿಡುತ್ತ ಬಂದ. ಗಾಬರಿಯಾಗಬೇಡಿ, ಒಂದು ಸೆನ್ಸರ್ ತಪ್ಪಾಗಿ ಸಿಗ್ನಲ್ ಕೊಟ್ಟಿದೆ, ನೋಡಿಬಿಟ್ಟು ಈಗಲೇ ಬಿಡ್ತೀವಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮುಂದಿನ ಸೀಟಿನಲ್ಲಿ ಬೊಚ್ಚುಬಾಯಿಯ ಅಜ್ಜಿಯನ್ನು ಕಂಡು ಅವನೇ ಗಾಬರಿಯಾದ.

“ನೀವು ನಿಧಾನವಾಗಿ ನೋಡಿಪ್ಪ. ನಮಗೇನೂ ಅವಸರ ಇಲ್ಲ,” ಎಂದರು ಅತ್ತೆ.

ಕೆಳಗೆ ಮಾತ್ರ ಅವಸರವಿತ್ತು. ಜೀವನದಲ್ಲಿ ಮೊದಲ ಸಲ ರೈಲಿಗೆ ಮುಖ ಮಾಡಿ ನಿಂತಿದ್ದ ಮಗ, ರೈಲು ಬಿಡುವವನ ಕಿಟಕಿಗೆ ಹೋಗಿ, ನಮ್ಮಮ್ಮ ಮೇಲಿದ್ದಾರೆ, ನಮ್ಮಮ್ಮ ಮೇಲಿದ್ದಾರೆ ಎಂದು ಪ್ರಾಣ ತಿನ್ನುತ್ತಿದ್ದ. ಯಾವ ಅಮ್ಮ, ಎಲ್ಲರೂ ಮಕ್ಕಳೇ ಇದ್ದಾರಲ್ಲ ಎಂದು ಅವನು ಕೇಳಿದ್ದಕ್ಕೆ, ಮಗ ಬೇರೆ ದಾರಿ ತೋಚದೆ ಕರವಸ್ತ್ರ ಬಿಚ್ಚಿ ಸಾಕ್ಷಿ ತೋರಿಸಿದ. ಅದನ್ನು ನೋಡಿದ ಮೇಲೆ ಅವನಿಗೆ ಕೂರಲು ಕುರ್ಚಿ ಕೊಟ್ಟರು, ಕುಡಿಯಲು ನೀರು ಕೊಟ್ಟರು.

ಮೇಲೆ ಸರಪಳಿ ಮತ್ತೆ ಟಕ್ ಎಂದಿತು. ಅತ್ತೆ ನೆಟ್ಟಗೆ ಕೂತರು. ರೈಲು ತುದಿ ದಾಟಿ ಮೂಗು ಬಗ್ಗಿಸಿತು. ಅತ್ತೆಯ ಬಾಯಿಂದ ಮೊದಲು ಬರಿಯ ಗಾಳಿ ಬಂತು, ಬಹಳ ದಿನ ಮುಚ್ಚಿಟ್ಟ ನಲ್ಲಿಯನ್ನು ತಿರುಗಿಸಿದಾಗ ಬರುವಂತೆ. ಆಮೇಲೆ ದನಿ ಬಂತು. ಎಂಥ ದನಿ ಅದು. ಹಿಂದಿನ ಸೀಟಿನ ಮಕ್ಕಳು ತಮ್ಮ ಕಿರಿಚು ನಿಲ್ಲಿಸಿ ಅದನ್ನು ಕೇಳಿದರು. ಕೆರೆಯಲ್ಲಿ ಕೂತಿದ್ದ ಹಕ್ಕಿಗಳು ಒಟ್ಟಿಗೆ ಮೇಲೆದ್ದವು. ತಿರುವು ಬಂದಾಗ ಅದಕ್ಕೆ ರಾಗ ಸೇರಿತು, ಗುಡ್ಡೆ ಹಾರಿದಾಗ ಅದಕ್ಕೆ ಬಳುಕು ಬಂತು, ಸವಾರಿ ಮುಗಿದು ರೈಲು ನಿಲ್ದಾಣಕ್ಕೆ ಬಂದು ನಿಂತ ಮೇಲೂ ಒಂದಿಷ್ಟು ಹೊತ್ತು ಅದು ತನ್ನ ಪಾಡಿಗೆ ಮುಂದುವರಿಯಿತು. ಹಲ್ಲಕ್ಕ ಪಕ್ಕದಲ್ಲಿ ಅಳುತ್ತ ನಗುತ್ತ ಕೂತಿದ್ದಳು. ಮಗ ಓಡಿ ಬಂದು ಏನಾಯಿತಮ್ಮ ಎಂದು ಕೇಳಿದ.

“ಏನೂ ಆಗಿಲ್ಲ. ಹಲ್ಲು ಕೊಡು,” ಎಂದರು ಅತ್ತೆ. ಹಾಕಿಕೊಂಡು, ಒಮ್ಮೆ ಕಚ್ಚಿ ನೋಡಿ, ಸೊಸೆಯ ಕಡೆ ತಿರುಗಿದರು. “ಎಲ್ಲಿ ನಿನ್ನ ಫೋನು? ಈ ಸಲ ನಾನು ಹೇಳ್ತೀನಿ.”

ಅವರ ವರದಿ ಚಿಕ್ಕದು. “ಏರು ಚೆನ್ನಾಗಿದೆ. ಇಳಿಜಾರು ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು, ಅಷ್ಟರಲ್ಲೇ ಮುಗಿದುಹೋಯ್ತು. ಆರು. ಮಧ್ಯದಲ್ಲಿ ನಿಲ್ಲಿಸಿ ಊರು ತೋರಿಸಿದರು, ಅದಕ್ಕೊಂದು ಜಾಸ್ತಿ. ಏಳು.” ಗುಂಪಿನಲ್ಲಿ ಅದು ಬಿದ್ದದ್ದೇ ತಡ, ಹಲ್ಲಕ್ಕನ ಯಾವ ವರದಿಗೂ ಬಾರದಷ್ಟು ಉತ್ತರಗಳು ಬಂದವು. ಎಲ್ಲರಿಗೂ ಒಂದೇ ಪ್ರಶ್ನೆ, ಅಜ್ಜಿ ಮುಂದೆ ಯಾವುದು ಹತ್ತುತ್ತಾರೆ?

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಇವರಿಬ್ಬರಿಗೂ ಒಂದೇ ಕಾಲ ಬಂತು. ಸಣ್ಣ ಪಾರ್ಕುಗಳು ಎಷ್ಟಿವೆ ಎನ್ನುವುದು ಹಲ್ಲಕ್ಕನಿಗೆ ಆಮೇಲೆ ತಿಳಿಯಿತು. ಕಬ್ಬಿಣದ ಅಂಗಡಿಯ ಹಿಂದೆ, ಆಟದ ಮೈದಾನದ ಮೂಲೆಯಲ್ಲಿ, ಹೆದ್ದಾರಿಯ ಪಕ್ಕದ ಹೋಟೆಲಿನ ಹಿತ್ತಲಲ್ಲಿ ಕೂಡ ಒಂದೊಂದು ತೊಟ್ಟಿಲು ತನ್ನಷ್ಟಕ್ಕೆ ತೂಗಿಕೊಂಡಿತ್ತು. ದೊಡ್ಡ ಕೋಸ್ಟರುಗಳಲ್ಲಿ ಅವಳಿಗೆ ಕಾಣದಿದ್ದ ಸಂಗತಿಗಳು ಇಲ್ಲಿ ಕಂಡವು. ಮೊದಲ ಸಲ ಕೂತ ಮಗು ಇಳಿಯುವಾಗ ಅಪ್ಪನ ಕೈ ಬಿಟ್ಟು ತಾನೇ ನಡೆಯುವುದನ್ನು ನೋಡಿದಳು, ಅದಕ್ಕೂ ಅಂಕ ಕೊಡತೊಡಗಿದಳು. ಅತ್ತೆ ಅಂಕ ಕೊಡುವುದರಲ್ಲಿ ಸೊಸೆಗಿಂತ ಬಿಗಿ. ಹೊಸ ಬಣ್ಣ ಬಳಿದು ಒಳಗೆ ಕಿರುಗುಟ್ಟುವ ಒಂದು ರೈಲಿಗೆ, ಮುಖಕ್ಕೆ ಪೌಡರು ಹಚ್ಚಿ ಮಂಡಿನೋವು ಮುಚ್ಚಿಟ್ಟಿದ್ದಾರೆ ಎಂದು ಮೂರು ಕೊಟ್ಟರು. ಮನೆಯಲ್ಲೂ ಬದಲಾವಣೆ ಕಂಡಿತು. ಕುಕ್ಕರಿನ ಮೇಲಿನ ಸಿಟ್ಟು ಹೋಯಿತು. ಪಕ್ಕದ ಮನೆಯವರ ಜೊತೆ ಬಾಲ್ಕನಿಯಿಂದ ಬಾಲ್ಕನಿಗೆ, ಕೆಳಗೆ ಹೋಗುವವರು ತಲೆಯೆತ್ತಿ ನೋಡುವಷ್ಟು ಜೋರಾಗಿ ಮಾತಾಡುತ್ತಿದ್ದರು. ಮಗ ಈಗೀಗ ಬೆಂಚನ್ನು ರೈಲಿನ ಕಡೆಗೆ ತಿರುಗಿಸಿಕೊಂಡು ಕೂರುತ್ತಾನೆ, ಇಕ್ಕಳ ಕೈಯಲ್ಲಿದ್ದರೂ ಕಣ್ಣು ಮೇಲೆ.

ಮೊನ್ನೆ ಒಂದು ಭಾನುವಾರ ಮೂವರೂ ಹೊಸದೊಂದು ಪಾರ್ಕಿಗೆ ಹೋಗಿದ್ದರು. ಸಾಲಿನಲ್ಲಿ ಅತ್ತೆ ಯಾವುದಕ್ಕೋ ನಕ್ಕದ್ದನ್ನು ಕೇಳಿ ಮುಂದೆ ನಿಂತಿದ್ದ ಶಾಲೆಯ ಮೇಷ್ಟರೊಬ್ಬರು ತಿರುಗಿ, ನೀವು ವರದಿ ಹೇಳುವ ಅಜ್ಜಿಯೇ ಅಲ್ಲವೇ ಎಂದು ಕೇಳಿದರು. ತಮ್ಮ ತಾಯಿಯನ್ನು ಕರೆತಂದಿದ್ದರು. ಆ ತಾಯಿ ಸಾಲಿನ ತನಕ ಬಂದು, ಒಲ್ಲೆ ಎಂದು ಕಂಬಿ ಹಿಡಿದು ನಿಂತಿದ್ದರು. ನೀವು ಜೊತೆಗೆ ಕೂತರೆ ಹತ್ತುತ್ತಾರೇನೋ ಎಂದು ಮೇಷ್ಟರು ಸಂಕೋಚದಿಂದ ಕೇಳಿದರು. ಅತ್ತೆ ಆ ಹೆಂಗಸಿನ ಕೈಯನ್ನು ಕಂಬಿಯಿಂದ ಬಿಡಿಸಿ ಹಿಡಿದುಕೊಂಡು, ಏನೋ ಕಿವಿಯಲ್ಲಿ ಹೇಳಿದರು. ಒಂದು ಸಾಲಿಗೆ ಇಬ್ಬರೇ ಕೂರುವ ರೈಲು. ಹಲ್ಲಕ್ಕ ತನ್ನ ಜಾಗ ಬಿಟ್ಟುಕೊಟ್ಟು ಎಲ್ಲಕ್ಕಿಂತ ಹಿಂದೆ ಹೋಗಿ ಮೇಷ್ಟರ ಪಕ್ಕ ಕೂತಳು. ಅಲ್ಲಿಂದ ಅತ್ತೆಯ ತಲೆಯೂ ಕಾಣುತ್ತಿರಲಿಲ್ಲ.

ರೈಲು ತುದಿ ದಾಟಿತು. ಮುಂದಿನಿಂದ ಅತ್ತೆಯ ದನಿ ಬಂತು, ಅದರ ಹಿಂದೆಯೇ, ಇನ್ನೂ ಅಳುಕುತ್ತ, ಇನ್ನೊಂದು. ಎರಡನೆಯ ತಿರುವಿನ ಹೊತ್ತಿಗೆ ಯಾವುದು ಯಾರದೆಂದು ಹೇಳಲಾಗಲಿಲ್ಲ. ಮೇಷ್ಟರು ಬಾಯಿ ತೆರೆದು ಕೇಳುತ್ತ ಕೂತಿದ್ದರು. ಹಲ್ಲಕ್ಕ ನೋಡಿದಳು: ಮೇಲೆ ಕೆಳಗೆ ಎರಡೂ ಸಾಲು ಹಲ್ಲು, ದವಡೆಯ ತನಕ, ಎಲ್ಲವೂ ಸ್ವಂತದ್ದೇ.